ಮನೆಯ ಸೈಕಲ್ಲಿಗೆ ಎಂಥ ಟಾರ್ಕ್ ರೆಂಚ್?

ಹುಬ್ಬಳ್ಳಿಯ ಗೋಕುಲ ರಸ್ತೆಯ ಆಸುಪಾಸಿನ ಅಂಗಡಿಗಳಲ್ಲಿ ಬೋಲ್ಟನ್ನು ಎಷ್ಟು ಬಿಗಿದಿದ್ದೇವೆಂದು ಅಳೆಯುವ ಪಾನಾ, ಅಂದರೆ ಟಾರ್ಕ್ ರೆಂಚ್ ಕೇಳಿದಾಗ ನನ್ನ ಮುಂದೆ ಬಂದದ್ದು ಕಾರಿನ ಗಾಲಿ ನಟ್ಟುಗಳಿಗೆಂದು ಮಾಡಿದ, ಅರ್ಧ ಇಂಚು ಡ್ರೈವಿನ (ಸಾಕೆಟ್ ಸಿಕ್ಕಿಸುವ ಚೌಕ ತುದಿಯ) ಉದ್ದನೆಯ ಪಾನಾ. ಅದರ ಅಳತೆ ಆರಂಭವಾಗುವುದೇ 28 ಅಥವಾ 40 ನ್ಯೂಟನ್ ಮೀಟರಿನಿಂದ (ತಿರುಚುವ ಬಲದ ಮಾನ). ಸೈಕಲ್ಲಿನಲ್ಲಿ ಬಿಗಿ ಹೆಚ್ಚಾಗಿ ಕೆಡುವ ಬೋಲ್ಟುಗಳಾದರೋ ಅದಕ್ಕಿಂತ ಬಹಳ ಕೆಳಗಿನವು: ಹ್ಯಾಂಡಲ್ ಹಿಡಿಯುವ ಸ್ಟೆಮ್ಮಿನ ಬೋಲ್ಟುಗಳಿಗೆ ಸಾಮಾನ್ಯವಾಗಿ 4ರಿಂದ 6, ಡಿಸ್ಕ್ ಬ್ರೇಕಿನ ಕ್ಯಾಲಿಪರಿಗೆ 6ರಿಂದ 8, ಶಿಮಾನೊ ಕಂಪನಿಯ ಹಾಲೋಟೆಕ್ II ಕ್ರ್ಯಾಂಕಿನ (ಪೆಡಲ್ ಹಿಡಿಯುವ ತೋಳಿನ) ಪಕ್ಕದ ಬೋಲ್ಟುಗಳಿಗೆ 12ರಿಂದ 14.

ಆದ್ದರಿಂದ ನಾನು ಕಾಲು ಇಂಚು ಡ್ರೈವಿನ, 2ರಿಂದ 24 ನ್ಯೂಟನ್ ಮೀಟರಿನ, ಹೊಂದಿಸಿದ ಅಳತೆ ತಲುಪಿದಾಗ ಸದ್ದು ಮಾಡುವ ‘ಕ್ಲಿಕ್’ ಮಾದರಿಯ ಅಗ್ಗದ ರೆಂಚನ್ನು ತರಿಸಿಕೊಂಡೆ. 10ರ ಮೇಲೆ ಅದರ ಕೆಲಸಕ್ಕೆ ಹೆಸರಿಡುವಂತಿಲ್ಲ. 4ರ ಆಸುಪಾಸಿನಲ್ಲಿ ಮಾತ್ರ ಸದ್ದು ಕ್ಷೀಣವಾಗಿದ್ದು, ಕಿವಿಗಿಂತ ಅಂಗೈಯನ್ನೇ ನಂಬಬೇಕಾಗುತ್ತದೆ. ನಿಧಾನವಾಗಿ ಎಳೆಯದಿದ್ದರೆ ಗುರಿ ದಾಟಿದ್ದೇ ತಿಳಿಯುವುದಿಲ್ಲ. ಹೆಚ್ಚು ಬಿಗಿದರೆ ಬಿರುಕು ಬಿಡುವ ಕಾರ್ಬನ್ ಸೀಟ್ ಪೋಸ್ಟ್ (ಸೀಟಿನ ಕಂಬ) ಇರುವವರಿಗೆ ಇದು ಸಣ್ಣ ಕೊರತೆಯಲ್ಲ. ಅಂಥವರು ಮುಳ್ಳು ನೋಡಿ ಓದುವ ಬೀಮ್ ಮಾದರಿಯನ್ನು ಕೊಳ್ಳುವುದು ಮೇಲು. ಅದರೊಳಗೆ ಸಡಿಲಗೊಳ್ಳುವ ಸ್ಪ್ರಿಂಗ್ ಇಲ್ಲ, ಮುಳ್ಳು ಸೊನ್ನೆಯಿಂದ ಸರಿದರೆ ಮೆಲ್ಲನೆ ಬಗ್ಗಿಸಿ ಸರಿಪಡಿಸಬಹುದು. ಇಕ್ಕಟ್ಟಾದ ಜಾಗದಲ್ಲಿ ಅಳತೆ ಕಾಣಿಸದಿರುವುದು ಅದರ ತೊಡಕು.

ಅಗ್ಗದ ರೆಂಚಿನ ಪೆಟ್ಟಿಗೆಯಲ್ಲಿ ಬರುವ ಪ್ರಮಾಣಪತ್ರವನ್ನು ನಾನು ಅಷ್ಟಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಡ್ರೈವನ್ನು ವೈಸಿನಲ್ಲಿ ಹಿಡಿಸಿ, ರೆಂಚನ್ನು ಅಡ್ಡಲಾಗಿ ಇರಿಸಿ, ಡ್ರೈವಿನ ನಡುವಿನಿಂದ 25.5 ಸೆಂಟಿಮೀಟರ್ ದೂರದಲ್ಲಿ 2 ಕಿಲೋ ತೂಗುಹಾಕಿದರೆ ಸುಮಾರು 5 ನ್ಯೂಟನ್ ಮೀಟರ್ ಆಗುತ್ತದೆ; 5ಕ್ಕೆ ಹೊಂದಿಸಿದ ರೆಂಚ್ ಆಗಲೇ ಸದ್ದು ಮಾಡಬೇಕು. ರೆಂಚಿನ ಸ್ವಂತ ಭಾರವೂ ಇದಕ್ಕೆ ಕೂಡುವುದರಿಂದ ಇದು ಸ್ಥೂಲ ಪರೀಕ್ಷೆಯಷ್ಟೇ. ಆದರೆ 5 ಎಂದು ಹೇಳಿ 8ಕ್ಕೆ ಸದ್ದು ಮಾಡುವ ಸರಕು ಇಲ್ಲೇ ಸಿಕ್ಕಿಬೀಳುತ್ತದೆ. ಕೆಲಸ ಮುಗಿದ ಮೇಲೆ ಕ್ಲಿಕ್ ರೆಂಚನ್ನು ಅದರ ಕನಿಷ್ಠ ಅಳತೆಗೆ ಇಳಿಸಿಡಬೇಕು. ಬೋಲ್ಟ್ ಬಿಚ್ಚಲು ಅದನ್ನು ಬಳಸಬಾರದು, ಅದಕ್ಕೆ ಸಾಧಾರಣ ಅಲೆನ್ ಕೀ ಇದೆ.

ಪೆಡಲ್ ಮತ್ತು ಸುಮಾರು 40 ನ್ಯೂಟನ್ ಮೀಟರ್ ಬೇಡುವ ಕ್ಯಾಸೆಟ್ಟಿನ (ಹಿಂಗಾಲಿಯ ಹಲ್ಲುಚಕ್ರಗಳ ಗುಂಪಿನ) ಲಾಕ್ ರಿಂಗ್ ಈ ಸಣ್ಣ ರೆಂಚಿಗೆ ನಿಲುಕುವುದಿಲ್ಲ. ವರ್ಷಕ್ಕೊಮ್ಮೆ ಬರುವ ಆ ಕೆಲಸಕ್ಕಾಗಿ ಎರಡನೆಯ ರೆಂಚ್ ಕೊಳ್ಳುವುದಕ್ಕಿಂತ ಸೈಕಲ್ ಅಂಗಡಿಯವರ ಕೈಗೆ ಒಪ್ಪಿಸುವುದೇ ಅಗ್ಗ. ಉಳಿದ ಹಣದಲ್ಲಿ 4, 5, 6 ಮಿಲಿಮೀಟರಿನ ಮತ್ತು ನಕ್ಷತ್ರಾಕಾರದ ಟಿ25ರ ಒಳ್ಳೆಯ ಬಿಟ್ಟುಗಳನ್ನು ಕೊಳ್ಳಬಹುದು, ಏಕೆಂದರೆ ನನ್ನ ರೆಂಚಿನ ಜೊತೆ ಬಂದ ಬಿಟ್ಟುಗಳ ಅಂಚು ಬೇಗನೆ ದುಂಡಗಾಯಿತು.