ಐಪಿಸಿಸಿಯ ಇಂಟರ್‌ಆಕ್ಟಿವ್ ಅಟ್ಲಾಸ್: ಬಣ್ಣದ ಜೊತೆಗೆ ಗೆರೆಗಳನ್ನೂ ಓದಬೇಕಾದ ನಕ್ಷೆ

ಹವಾಮಾನ ಬದಲಾವಣೆಯ ವಿಜ್ಞಾನವನ್ನು ಒಟ್ಟುಗೂಡಿಸಿ ಸರ್ಕಾರಗಳ ಮುಂದಿಡುವ ವಿಶ್ವಸಂಸ್ಥೆಯ ಅಂತರಸರ್ಕಾರಿ ಸಮಿತಿ ಐಪಿಸಿಸಿ, 2021ರ ಆಗಸ್ಟ್ 9ರಂದು ತನ್ನ ಆರನೇ ಮೌಲ್ಯಮಾಪನ ವರದಿಯ ಮೊದಲ ಸಂಪುಟದೊಂದಿಗೆ ಇಂಟರ್‌ಆಕ್ಟಿವ್ ಅಟ್ಲಾಸ್ ಎಂಬ ಜಾಲತಾಣವನ್ನೂ ಬಿಡುಗಡೆ ಮಾಡಿತು. ಇದನ್ನು ಬಳಸಲು ಹಣ ಕೊಡಬೇಕಿಲ್ಲ, ಹೆಸರು ನೋಂದಾಯಿಸಬೇಕಿಲ್ಲ. ಬೇಕಾದ ಅಂಶ, ಋತು ಮತ್ತು ತಾಪಮಾನ ಏರಿಕೆಯ ಮಟ್ಟವನ್ನು ಆರಿಸಿಕೊಂಡರೆ ನಕ್ಷೆ ತೆರೆದುಕೊಳ್ಳುತ್ತದೆ. ರಾಜ್ಯ ಮತ್ತು ಜಿಲ್ಲಾ ಮಟ್ಟದಲ್ಲಿ ಯೋಜನೆ ಬರೆಯುವವರು, ಅದನ್ನು ಪ್ರಶ್ನಿಸುವ ಪತ್ರಕರ್ತರು ಮತ್ತು ನಾಗರಿಕ ಸಂಘಟನೆಗಳು ಇದನ್ನು ಎಷ್ಟರ ಮಟ್ಟಿಗೆ ನೆಚ್ಚಿಕೊಳ್ಳಬಹುದು ಎಂಬುದನ್ನು ಪರಿಶೀಲಿಸುವುದು ಈ ವಿಮರ್ಶೆಯ ಉದ್ದೇಶ.

ಆ ಸಂಪುಟವನ್ನು 234 ಲೇಖಕರು ಬರೆದರು. ಆದರೆ ಸುದ್ದಿಯಾಗುವುದು, ಮಂತ್ರಿಗಳ ಮೇಜಿಗೆ ಹೋಗುವುದು ನೀತಿ ನಿರೂಪಕರಿಗಾಗಿ ಸಿದ್ಧಪಡಿಸಿದ ಸಾರಾಂಶ ಮಾತ್ರ. ಅದರ ಪ್ರತಿಯೊಂದು ಸಾಲನ್ನೂ ಸದಸ್ಯ ರಾಷ್ಟ್ರಗಳ ಪ್ರತಿನಿಧಿಗಳು ವಿಜ್ಞಾನಿಗಳ ಎದುರೇ ಕುಳಿತು ಚರ್ಚಿಸಿ ಒಪ್ಪಬೇಕು. ಈ ಪದ್ಧತಿಯ ಬಲ ದೊಡ್ಡದು, ಏಕೆಂದರೆ ಒಮ್ಮೆ ಒಪ್ಪಿದ ಸಾಲನ್ನು ಯಾವ ಸರ್ಕಾರವೂ ಮುಂದೆ ಅಲ್ಲಗಳೆಯಲಾಗದು. ಅದರ ಮಿತಿಯೂ ಅಲ್ಲೇ ಇದೆ: ಇಡೀ ಜಗತ್ತು ಒಪ್ಪುವ ಸಾಲು ಒಂದು ನಾಡಿನ ನಿರ್ದಿಷ್ಟ ಪ್ರಶ್ನೆಗೆ ಉತ್ತರ ಕೊಡುವುದು ಅಪರೂಪ. ಅಟ್ಲಾಸ್ ಆ ಕೊರತೆಯನ್ನು ತುಂಬುತ್ತದೆ. ವರದಿಯ ಹಿಂದಿರುವ ದತ್ತಾಂಶವನ್ನೇ ಓದುಗರ ಕೈಗಿತ್ತು, ಪ್ರಶ್ನೆ ಕೇಳುವ ಸ್ವಾತಂತ್ರ್ಯವನ್ನು ಅವರಿಗೇ ಬಿಡುತ್ತದೆ.

ನಮಗೆ ಅತ್ಯಂತ ಉಪಯುಕ್ತವಾದದ್ದು ತಿಂಗಳುಗಳನ್ನು ನಾವೇ ಆರಿಸಿಕೊಳ್ಳುವ ಸೌಲಭ್ಯ. ಯುರೋಪಿನ ಬೇಸಿಗೆಗೆ ಹೊಂದುವ ಜೂನ್‌ನಿಂದ ಆಗಸ್ಟ್‌ವರೆಗಿನ ಲೆಕ್ಕದಲ್ಲಿ ನಮ್ಮ ಮುಂಗಾರು ಪೂರ್ತಿಯಾಗಿ ಸಿಗುವುದಿಲ್ಲ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆರಿಸಿ ಮುಂಗಾರನ್ನೂ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಆರಿಸಿ ಹಿಂಗಾರನ್ನೂ ಬೇರೆ ಬೇರೆಯಾಗಿ ನೋಡಬಹುದು. ಸರಾಸರಿ ಮಳೆ, ಒಂದೇ ದಿನದಲ್ಲಿ ಸುರಿಯುವ ಗರಿಷ್ಠ ಮಳೆ, ಸತತ ಒಣ ದಿನಗಳು, 35 ಡಿಗ್ರಿ ಸೆಲ್ಸಿಯಸ್ ದಾಟುವ ದಿನಗಳು, ಹೀಗೆ ಪ್ರತಿಯೊಂದಕ್ಕೂ ಪ್ರತ್ಯೇಕ ನಕ್ಷೆಯಿದೆ.

ಬಳಸುವವರು ಎಚ್ಚರ ವಹಿಸಬೇಕಾದ ಮೊದಲ ಜಾಗ, ಹೋಲಿಕೆಗೆ ಆರಿಸುವ ಅವಧಿ. ಭವಿಷ್ಯವನ್ನು 1850ರಿಂದ 1900ರವರೆಗಿನ ಅವಧಿಗೂ ಹೋಲಿಸಬಹುದು, 1995ರಿಂದ 2014ರವರೆಗಿನ ಅವಧಿಗೂ ಹೋಲಿಸಬಹುದು. ಈ ಎರಡು ಅವಧಿಗಳ ನಡುವೆಯೇ ಭೂಮಿಯ ಸರಾಸರಿ ತಾಪಮಾನ ಸುಮಾರು 0.85 ಡಿಗ್ರಿ ಏರಿದೆ. ಹಾಗಾಗಿ ಅದೇ ಭವಿಷ್ಯ, ಅದೇ ಮಾದರಿಗಳು (ಹವಾಮಾನವನ್ನು ಲೆಕ್ಕ ಹಾಕುವ ಕಂಪ್ಯೂಟರ್ ಕಾರ್ಯಕ್ರಮಗಳು), ಆದರೂ ಎರಡನೆಯ ಆಯ್ಕೆಯಲ್ಲಿ ಮೂಡುವ ನಕ್ಷೆಯ ಬಣ್ಣ ತಿಳಿಯಾಗಿರುತ್ತದೆ. ಎರಡೂ ಸರಿಯೇ, ಈಗಿರುವ ರಸ್ತೆ, ಕಾಲುವೆ, ಆಸ್ಪತ್ರೆಗಳ ಮೇಲಾಗುವ ಪರಿಣಾಮ ಅಳೆಯಲು ಇತ್ತೀಚಿನ ಅವಧಿಯೇ ಹೆಚ್ಚು ಸೂಕ್ತ. ಆದರೆ ಯಾವ ಅವಧಿಗೆ ಹೋಲಿಸಿದ್ದು ಎಂದು ಹೇಳದೆ ಸರ್ಕಾರಿ ಕಡತದಲ್ಲಿ ಅಂಟಿಸಿದ ನಕ್ಷೆ ಓದುಗರ ದಾರಿ ತಪ್ಪಿಸುತ್ತದೆ.

ಅಟ್ಲಾಸಿನ ನಿಜವಾದ ಹಿರಿಮೆ ಇರುವುದು ಬಣ್ಣಗಳ ಮೇಲೆ ಎಳೆದ ಓರೆ ಗೆರೆಗಳಲ್ಲಿ. ಬದಲಾವಣೆ ಹೆಚ್ಚಳವೋ ಇಳಿಕೆಯೋ ಎಂಬುದರ ಬಗ್ಗೆ ಶೇಕಡ 80ಕ್ಕಿಂತ ಕಡಿಮೆ ಮಾದರಿಗಳು ಸಹಮತ ಹೊಂದಿರುವ ಕಡೆಯೆಲ್ಲ ಈ ಗೆರೆಗಳು ಮೂಡುತ್ತವೆ. ತಾಪಮಾನದ ನಕ್ಷೆಯಲ್ಲಿ ಭಾರತದ ಮೇಲೆ ಅವಕ್ಕೆ ಜಾಗವೇ ಇಲ್ಲ ಎನ್ನಬಹುದು. ಮುಂಗಾರಿನ ಸರಾಸರಿ ಮಳೆಗೆ ಬಂದರೆ, ತಾಪಮಾನ ಏರಿಕೆ ಕಡಿಮೆಯಿರುವ ಮಟ್ಟದಲ್ಲಿ ಗೆರೆಗಳು ದಟ್ಟವಾಗಿರುತ್ತವೆ, ಮಟ್ಟ ಹೆಚ್ಚಿದಂತೆ ಹಲವೆಡೆ ಕರಗುತ್ತವೆ. ಇದಕ್ಕೆ ಕಾರಣವೂ ಇದೆ. ಇಪ್ಪತ್ತನೇ ಶತಮಾನದ ಉತ್ತರಾರ್ಧದಲ್ಲಿ ಹೊಗೆ ಮತ್ತು ಗಂಧಕದ ಸೂಕ್ಷ್ಮ ಕಣಗಳು ಮುಂಗಾರನ್ನು ಕುಗ್ಗಿಸಿದರೆ, ಹಸಿರುಮನೆ ಅನಿಲಗಳು ಅದನ್ನು ಹಿಗ್ಗಿಸುವತ್ತ ಎಳೆಯುತ್ತಿದ್ದವು. ಆದ್ದರಿಂದ ಕಳೆದ ಕೆಲವು ದಶಕಗಳ ಮಳೆಯ ಇಳಿಕೆಯನ್ನೇ ಮುಂದಕ್ಕೆ ಎಳೆದು ನೀರಾವರಿ ಯೋಜನೆ ರೂಪಿಸುವುದು ಅಪಾಯಕಾರಿ.

ಇಲಾಖೆಗಳಿಗೆ ಇದರಲ್ಲಿ ಸ್ಪಷ್ಟವಾದ ಸೂಚನೆಯಿದೆ ಎಂಬುದು ನನ್ನ ಅಭಿಪ್ರಾಯ. ಬಿಸಿಲಿನ ತೀವ್ರತೆ ಮತ್ತು ಭಾರೀ ಮಳೆ ಹೆಚ್ಚುವುದರ ಬಗ್ಗೆ ವಿಜ್ಞಾನದ ಮಾತು ಗಟ್ಟಿಯಾಗಿದೆ. ಹಾಗಾಗಿ ನಗರಗಳ ರಾಜಕಾಲುವೆಯ ವಿನ್ಯಾಸ, ಸೇತುವೆಯ ಎತ್ತರ, ಕೂಲಿ ಕಾರ್ಮಿಕರ ಕೆಲಸದ ವೇಳೆ ಇವುಗಳ ಬಗ್ಗೆ ನಿರ್ಧಾರವನ್ನು ಮುಂದೂಡಲು ಅನಿಶ್ಚಿತತೆಯ ನೆಪ ಸಲ್ಲದು. ಒಂದು ಜಲಾಶಯಕ್ಕೆ ಮೂವತ್ತು ವರ್ಷಗಳ ನಂತರ ಎಷ್ಟು ನೀರು ಬರುತ್ತದೆ ಎಂಬ ಪ್ರಶ್ನೆ ಬೇರೆ ಬಗೆಯದು. ಅಲ್ಲಿ ಹೆಚ್ಚಳಕ್ಕೂ ಇಳಿಕೆಗೂ ಹೊಂದಿಕೊಳ್ಳುವ, ನಡುವೆ ತಿದ್ದಲು ಅವಕಾಶವಿರುವ ಯೋಜನೆ ಬೇಕು. ಎರಡನ್ನೂ ಒಂದೇ ತಕ್ಕಡಿಗೆ ಹಾಕಿ, ಎಲ್ಲವೂ ಖಚಿತವಾಗಲಿ ಎಂದು ಕಾಯುವುದೂ, ಎಲ್ಲವೂ ಖಚಿತ ಎಂದು ಘೋಷಿಸುವುದೂ ವಿಜ್ಞಾನಕ್ಕೆ ಮಾಡುವ ಅನ್ಯಾಯ.

ದೊಡ್ಡ ಕೊರತೆಯೆಂದರೆ ನಕ್ಷೆಯ ಅಳತೆ. ಜಾಗತಿಕ ಮಾದರಿಗಳ ಫಲಿತಾಂಶವನ್ನು ಇಲ್ಲಿ ಒಂದು ಡಿಗ್ರಿಯ ಚೌಕಗಳಲ್ಲಿ ತೋರಿಸಲಾಗಿದೆ. ಪ್ರತಿ ಚೌಕದ ಬದಿ ಸುಮಾರು 110 ಕಿಲೋಮೀಟರ್. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬೀಳುವ ಆಗುಂಬೆಯೂ, ಸಾವಿರ ಮಿಲಿಮೀಟರ್ ಆಸುಪಾಸಿನ ಶಿವಮೊಗ್ಗ ನಗರವೂ ಅಷ್ಟೇ ದೂರದೊಳಗೆ ಇವೆ. ಸಹ್ಯಾದ್ರಿಯ ಏರಿಳಿತ ಇಂಥ ಚೌಕದಲ್ಲಿ ಮಟ್ಟಸವಾಗಿಬಿಡುತ್ತದೆ. ಪ್ರಾದೇಶಿಕ ಮಾದರಿಗಳಾದ ಕಾರ್ಡೆಕ್ಸ್ ಆಯ್ಕೆಯಲ್ಲಿ ಚೌಕದ ಬದಿ ಅರ್ಧದಷ್ಟಾಗುತ್ತದೆ, ಆದರೂ ಘಟ್ಟದ ಮೇಲು ಕೆಳಗು ಬೇರೆಯಾಗಲು ಅದು ಸಾಲದು. ಇನ್ನು ಪ್ರದೇಶದ ಸರಾಸರಿ ಕೇಳಿದರೆ ರಾಜಸ್ಥಾನದ ಮರುಭೂಮಿಯೂ ಕೇರಳವೂ ದಕ್ಷಿಣ ಏಷ್ಯಾ ಎಂಬ ಒಂದೇ ಅಂಕಿಯಲ್ಲಿ ಸೇರಿಹೋಗುತ್ತವೆ.

ನಮ್ಮಲ್ಲಿ ಆಡಳಿತದ ನಿರ್ಧಾರಗಳು ತಾಲ್ಲೂಕಿನ ಲೆಕ್ಕದಲ್ಲಿ ನಡೆಯುತ್ತವೆ. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಘೋಷಿಸಿದಾಗ ಆಧಾರವಾಗಿದ್ದದ್ದು ಆಯಾ ತಾಲ್ಲೂಕಿನ ಮಳೆ ಮತ್ತು ಬೆಳೆಯ ಸ್ಥಿತಿ. ಗ್ರಾಮ ಪಂಚಾಯಿತಿ ಮಟ್ಟದವರೆಗೂ ಮಳೆಮಾಪಕಗಳನ್ನು ಇಟ್ಟಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ದತ್ತಾಂಶವನ್ನು ಪಕ್ಕದಲ್ಲಿಟ್ಟುಕೊಳ್ಳದೆ ಅಟ್ಲಾಸ್ ಒಂದನ್ನೇ ನಂಬಿ ಜಿಲ್ಲಾ ಯೋಜನೆ ಬರೆಯಬಾರದು. ರಾಜ್ಯದ ದೀರ್ಘಾವಧಿಯ ದಿಕ್ಕನ್ನು ತಿಳಿಯಲು, ಬೇರೆಯವರು ಮುಂದಿಟ್ಟ ಅಂಕಿಗಳನ್ನು ಪರೀಕ್ಷಿಸಲು ಮಾತ್ರ ಇದಕ್ಕಿಂತ ಒಳ್ಳೆಯ ಉಚಿತ ಸಾಧನವನ್ನು ನಾನು ಕಂಡಿಲ್ಲ.

ಭಾಷೆಯ ತೊಡಕೂ ಇದೆ. ಪುಟಗಳು ಇಂಗ್ಲಿಷಿನಲ್ಲಿವೆ, ಪದಗಳು ತಜ್ಞರಿಗಾಗಿ ಇಟ್ಟವು. ಪಂಚಾಯಿತಿ ಸದಸ್ಯರಿಗೆ, ಪ್ರೌಢಶಾಲೆಯ ಶಿಕ್ಷಕರಿಗೆ ಇದನ್ನು ತಲುಪಿಸಲು ಕನ್ನಡದಲ್ಲೊಂದು ಕೈಪಿಡಿ ತುರ್ತಾಗಿ ಬೇಕು, ಆ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳು ಕೈಗೆತ್ತಿಕೊಳ್ಳಬಹುದು.

ನಕ್ಷೆಯನ್ನು ಚಿತ್ರವಾಗಿಯೂ, ಅದರ ಹಿಂದಿನ ಅಂಕಿಗಳನ್ನು ಕಡತವಾಗಿಯೂ ಇಳಿಸಿಕೊಳ್ಳಬಹುದು. ಯಾವ ಮಾದರಿ, ಯಾವ ಅವಧಿ, ಯಾವ ಲೆಕ್ಕ ಎಂಬ ವಿವರವೂ ಲಭ್ಯವಿದೆ. ವರದಿಯಲ್ಲಿ ನಕ್ಷೆ ಬಳಸುವ ಅಧಿಕಾರಿಗಳು ಆ ವಿವರವನ್ನು ಅನುಬಂಧವಾಗಿ ಲಗತ್ತಿಸಿದರೆ ಓದುವವರು ಅದೇ ಆಯ್ಕೆಗಳನ್ನು ಒತ್ತಿ ಅದೇ ನಕ್ಷೆ ಬರುತ್ತದೆಯೇ ಎಂದು ತಾವೇ ನೋಡಿಕೊಳ್ಳಬಹುದು.