ನಮ್ಮೂರ ಬೋರಿಂಗು: ಇಂಡಿಯಾ ಮಾರ್ಕ್ 2 ಕೈಪಂಪಿಗೆ ನಾಲ್ಕು ಸ್ಟಾರ್

ಫಿಲ್ಟರು, ಆರ್‌ಒ ಅಂತ ಎಲ್ಲದಕ್ಕೂ ರಿವ್ಯೂ ಬರೀತಾರೆ, ನಾನು ನಮ್ಮೂರ ಬೋರಿಂಗಿಗೆ ಬರೆಯುತ್ತೇನೆ. ಹಿಡಿ ಒತ್ತಿದರೆ ಮೊದಲ ಏಳೆಂಟು ಸಲ ಬರೀ ಗಾಳಿ, ಆಮೇಲೆ ಗುಳುಗುಳು ಅಂತ ಬಿಂದಿಗೆಗೆ ತಣ್ಣನೆ ನೀರು. ಕರೆಂಟ್ ಬೇಡ, ಬಿಲ್ ಬೇಡ.

ಹಳ್ಳಿಗಳಲ್ಲಿ ಬೋರಿಂಗ್ ಅಂದರೆ ಹಳಬರಿಗೆ ಈಗಲೂ ನೆನಪಾಗೋದು ಅಬ್ದುಲ್ ನಜೀರ್ ಸಾಬ್. ಗುಂಡ್ಲುಪೇಟೆಯವರು, ಪುರಸಭೆಯಿಂದ ರಾಜಕೀಯ ಶುರು ಮಾಡಿ ವಿಧಾನ ಪರಿಷತ್ತಿಗೆ ಹೋಗಿ, ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಮಂತ್ರಿಯಾದವರು. ಬರಗಾಲದಲ್ಲಿ ಊರೂರಿಗೂ ಕೊಳವೆಬಾವಿ ಕೊರೆಸಿದ್ದಕ್ಕೆ ಜನ ಅವರನ್ನ 'ನೀರ್ ಸಾಬ್' ಅಂತಲೇ ಕರೆದರು. ಪುರಸಭೆಯಲ್ಲಿದ್ದು ಬೀದಿ ನಲ್ಲಿ ಜಗಳ ನೋಡಿ ಬಂದವರಿಗೆ ನೀರಿನ ಬೆಲೆ ಗೊತ್ತಿರುತ್ತೆ ಅಲ್ವಾ? 1983ರ ಕಾಯ್ದೆಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ತಂದು ಹೆಂಗಸರಿಗೆ ಶೇಕಡ 25 ಸ್ಥಾನ ಇಟ್ಟರು. 1987ರಲ್ಲಿ ಚುನಾವಣೆಯೂ ಆಯ್ತು, ಮರುವರ್ಷವೇ ಅವರು ತೀರಿಕೊಂಡರು. ಮೈಸೂರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ಅವರದೇ ಹೆಸರಿದೆ.

ಈಗ ಪಂಪಿನ ದೋಷ. ಒಳಗಿನ ವಾಷರ್ ಸವೆದರೆ ಪೈಪನ್ನೆಲ್ಲ ಮೇಲಕ್ಕೆ ಎಳೆಯಬೇಕು, ಅದಕ್ಕೆ ನಾಲ್ಕೈದು ಜನ ಬೇಕು, ಅರ್ಧ ದಿನ ಹೋಗುತ್ತೆ. ಚೈನಿಗೆ ಗ್ರೀಸ್ ಹಾಕೋದು ಮರೆತರೆ ಕಿರ್ರೋ ಅಂತ ಓಣಿಯೆಲ್ಲ ಎಬ್ಬಿಸುತ್ತೆ. ಅಂತರ್ಜಲ ತೀರಾ ಕೆಳಗಿಳಿದಿದ್ದರೆ ಪಂಪೇನು ಮಾಡೀತು? ಒಂದು ಸ್ಟಾರ್ ಕಟ್ ಮಾಡಿದ್ದು ವಾಷರ್ ಕಾಟಕ್ಕೆ, ನೀರಿನ ರುಚಿಗಲ್ಲ.