ಕಾರಿನ ಗಾಲಿಗೆ ಮಕೀಟಾ ಡಿಟಿಡಬ್ಲ್ಯೂ 300 ಸಾಕೇ?

ಮನೆಯ ಕಾರಿಗೆಂದು ಇಂಪ್ಯಾಕ್ಟ್ ರೆಂಚ್, ಅಂದರೆ ಬಡಿತದ ಬಲದಿಂದ ನಟ್ ಬಿಚ್ಚುವ, ಬಿಗಿಯುವ ಬ್ಯಾಟರಿ ಯಂತ್ರ, ಕೊಳ್ಳಲು ಹೋದವರ ಕಣ್ಣಿಗೆ ಮೊದಲು ಬೀಳುವುದು ಡಬ್ಬಿಯ ಮೇಲಿನ ನ್ಯೂಟನ್ ಮೀಟರ್ ಅಂಕಿ, ಅಂದರೆ ತಿರುಗಿಸುವ ಬಲದ (ಟಾರ್ಕ್) ಅಳತೆ. ಅದು ದೊಡ್ಡದಿದ್ದಷ್ಟೂ ಯಂತ್ರ ಒಳ್ಳೆಯದೆಂಬ ನಂಬಿಕೆ ಹುಬ್ಬಳ್ಳಿಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಗಲ್ಲಾದ ಆಚೆಗೂ ಇದೆ, ಈಚೆಗೂ ಇದೆ. ನನ್ನ ಅಭಿಪ್ರಾಯ ಬೇರೆ; ಮಕೀಟಾ ಕಂಪನಿಯ ಇಂಥದೊಂದು ರೆಂಚಾದ ಡಿಟಿಡಬ್ಲ್ಯೂ 300 ಅನ್ನು ಮುಂದಿಟ್ಟುಕೊಂಡು ಅದನ್ನು ಹೇಳುತ್ತೇನೆ. ಸಾಧಾರಣ ಕಾರಿನ ಗಾಲಿಯ ನಟ್‌ಗೆ ತಯಾರಕರು ಸೂಚಿಸುವ ಬಿಗಿತ ಹೆಚ್ಚಾಗಿ 85ರಿಂದ 120 ನ್ಯೂಟನ್ ಮೀಟರ್ ಆಸುಪಾಸಿನಲ್ಲಿರುತ್ತದೆ. ನಿಮ್ಮ ಕಾರಿನ ಖಚಿತ ಅಂಕಿ ಅದರ ಕೈಪಿಡಿಯಲ್ಲಿ ಸಿಗುತ್ತದೆ. ಅರ್ಧ ಮೀಟರ್ ಉದ್ದದ ಸರಳಿನ ತುದಿಗೆ 20 ಕಿಲೋ ಭಾರ ಹಾಕಿದರೆ ಸುಮಾರು 100 ನ್ಯೂಟನ್ ಮೀಟರ್ ಆಗುತ್ತದೆ, ಅಂದರೆ ಅದೇನು ಭೀಮಬಲದ ಕೆಲಸವಲ್ಲ.

ಆದರೂ ಕಾರಿನೊಂದಿಗೆ ಬರುವ ಗಿಡ್ಡ ಪಾನಾದ ಮೇಲೆ ಕಾಲಿಟ್ಟು ತುಳಿದರೂ ನಟ್ ಅಲುಗದಿರುವುದಕ್ಕೆ ಕಾರಣಗಳು ಎರಡು. ಮೊದಲನೆಯದು, ಪಂಕ್ಚರ್ ಅಂಗಡಿಯ ಏರ್ ಗನ್ನು ಅಳತೆಯಿಲ್ಲದೆ ಬಿಗಿದು ಬಿಟ್ಟಿರುವುದು. ಎರಡನೆಯದು ನಮ್ಮ ನೆಲದ್ದೇ: ನವಲಗುಂದ, ಅಣ್ಣಿಗೇರಿ ಕಡೆಯ ಎರೆ ಭೂಮಿಯ ದಾರಿಗಳಲ್ಲಿ ಮಳೆಗಾಲವಿಡೀ ಓಡಾಡಿದ ಕಾರಿನ ನಟ್‌ಗಳಿಗೆ ಕೆಸರು ಮೆತ್ತಿಕೊಂಡು, ಥ್ರೆಡ್‌ಗಳು ತುಕ್ಕು ಹಿಡಿದು ಕಚ್ಚಿಕೊಂಡಿರುತ್ತವೆ. ಹೀಗೆ ಕಚ್ಚಿಕೊಂಡ ನಟ್ ಬಿಚ್ಚಲು ಬಿಗಿದದ್ದಕ್ಕಿಂತ ಎರಡು ಮೂರು ಪಟ್ಟು ಬಲ ಬೇಕಾಗಬಹುದು. ಆದ್ದರಿಂದ ಕೊಳ್ಳುವಾಗ ಕೇಳಬೇಕಾದದ್ದು ಬಿಚ್ಚುವ ಟಾರ್ಕ್ ಎಷ್ಟು, ಬಿಗಿಯುವ ಟಾರ್ಕ್ ಎಷ್ಟು ಎಂದು ಬೇರೆ ಬೇರೆಯಾಗಿ. ಮಕೀಟಾ ಕಂಪನಿ ಡಿಟಿಡಬ್ಲ್ಯೂ 300ಕ್ಕೆ ಬಿಗಿಯಲು 330, ಬಿಚ್ಚಲು 580 ನ್ಯೂಟನ್ ಮೀಟರ್ ಎಂದು ಎರಡನ್ನೂ ಹೇಳುತ್ತದೆ. ಅಗ್ಗದ ಡಬ್ಬಿಗಳಲ್ಲಿ ಒಂದೇ ಅಂಕಿ ಇದ್ದರೆ ಅದು ಎರಡರಲ್ಲಿ ದೊಡ್ಡದೇ, ಅಂದರೆ ಬಿಚ್ಚುವ ಟಾರ್ಕೇ ಆಗಿರುತ್ತದೆ ಎಂದುಕೊಳ್ಳುವುದು ಕ್ಷೇಮ.

ಕೈಯಲ್ಲಿ ಹಿಡಿದಾಗ ಕಾಣುವ ಗುಣವೆಂದರೆ ಮಣಿಕಟ್ಟಿಗೆ ಜಗ್ಗು ಬಾರದಿರುವುದು. ಟ್ರಿಗರ್ ಒತ್ತಿದಾಗ ನಟ್ ತಡೆದು ನಿಂತಿತೆಂದರೆ ಒಳಗಿನ ಸುತ್ತಿಗೆ ದಿಂಡಿನ ಮೇಲೆ ಸರಸರನೆ ಬಡಿಯತೊಡಗುತ್ತದೆ. ಒಂದೆರಡು ಕ್ಷಣ ಕರ್ಕಶ ಸದ್ದು, ಆಮೇಲೆ ಸದ್ದು ಹಗುರಾಗಿ ನಟ್ ತಿರುಗುತ್ತದೆ. ವಿದ್ಯಾನಗರದಂಥ ಒತ್ತೊತ್ತಾದ ಬಡಾವಣೆಯಲ್ಲಿ ಇದನ್ನು ಬೆಳಗಿನ ಜಾವ ಪ್ರಯೋಗಿಸದಿರುವುದು ನೆರೆಯವರೊಂದಿಗಿನ ಸಂಬಂಧಕ್ಕೆ ಒಳ್ಳೆಯದು. ಬಲವನ್ನು ನಾಲ್ಕು ಹಂತಗಳಲ್ಲಿ ಹೊಂದಿಸಬಹುದು. ನಟ್ ಸಡಿಲಾದೊಡನೆ ತಾನೇ ನಿಲ್ಲುವ ವ್ಯವಸ್ಥೆಯೂ ಇರುವುದರಿಂದ ಬಿಚ್ಚಿದ ನಟ್ ಚಿಮ್ಮಿ ಚರಂಡಿ ಸೇರುವುದಿಲ್ಲ.

ಬಿಗಿಯುವ ವಿಷಯದಲ್ಲಿ ನಾನು ಯಾವ ಇಂಪ್ಯಾಕ್ಟ್ ರೆಂಚನ್ನೂ ನಂಬುವುದಿಲ್ಲ, ಇದನ್ನೂ ನಂಬುವುದಿಲ್ಲ. ನಟ್‌ಗಳನ್ನು ಕೈಯಿಂದಲೇ ಎರಡು ಮೂರು ಸುತ್ತು ಕೂರಿಸಿ, ಕಡಿಮೆ ಹಂತದಲ್ಲಿ ಎದುರುಬದುರಿನ ಕ್ರಮದಲ್ಲಿ ಮುಟ್ಟಿಸಿ, ಜಾಕ್ ಇಳಿಸಿದ ಮೇಲೆ ಬಿಗಿತವನ್ನು ಅಳೆದು ಕೊಡುವ ಟಾರ್ಕ್ ರೆಂಚಿನಿಂದಲೇ ಕೊನೆಯ ಬಿಗಿತ ಕೊಡಬೇಕು. 50ರಿಂದ 100 ಕಿಲೋಮೀಟರ್ ಓಡಿದ ನಂತರ ಇನ್ನೊಮ್ಮೆ ಪರೀಕ್ಷಿಸಬೇಕು. ಟಾರ್ಕ್ ರೆಂಚಿಗೆ ಹಣವಿಲ್ಲದಿದ್ದರೆ ಈ ಯಂತ್ರದ ಖರೀದಿಯನ್ನೇ ಮುಂದೂಡಿ ಎನ್ನುವಷ್ಟು ಇದು ಮುಖ್ಯ.

ಸಾಕೆಟ್ ಪ್ರತ್ಯೇಕವಾಗಿ ಕೊಳ್ಳಬೇಕು. ಮಾರುತಿ ಕಾರುಗಳಿಗೆ ಸಾಮಾನ್ಯವಾಗಿ 19 ಮಿಲಿಮೀಟರ್, ಹ್ಯುಂಡೈಗೆ 21. ಹೊಳೆಯುವ ಸಾಮಾನ್ಯ ಸಾಕೆಟ್ ಈ ಬಡಿತಕ್ಕೆ ಒಡೆದು ಚೂರು ಸಿಡಿಯಬಹುದಾದ್ದರಿಂದ ಇಂಪ್ಯಾಕ್ಟ್ ಕೆಲಸಕ್ಕೆಂದೇ ಮಾಡಿದ ಕಪ್ಪು ಸಾಕೆಟನ್ನೇ ಆರಿಸಿ. ಅಲಾಯ್ ಗಾಲಿಯಾದರೆ ಪ್ಲಾಸ್ಟಿಕ್ ಹೊದಿಕೆ ಇರುವ ಸಾಕೆಟ್ ಗೀರು ಬೀಳದಂತೆ ಕಾಪಾಡುತ್ತದೆ.

ವೋಲ್ಟೇಜಿನ ಗೊಂದಲ ಇನ್ನೊಂದು. 18, 20, 21 ಎಂದು ಬರೆದವೆಲ್ಲ ಬಹುತೇಕ ಒಂದೇ: ಸಾಲಾಗಿ ಜೋಡಿಸಿದ ಐದು ಲಿಥಿಯಂ ಸೆಲ್‌ಗಳಿಗೆ ತಲಾ 3.6 ಎಂದು ಲೆಕ್ಕ ಹಿಡಿದರೆ 18, ಪೂರ್ತಿ ಚಾರ್ಜಾದಾಗಿನ 4.2 ಹಿಡಿದರೆ 21. ಪರಿಚಿತರೊಬ್ಬರು ಅಗ್ಗಕ್ಕೆ ತಂದಿದ್ದ, ಮೈಮೇಲೆ 128 ಎಂದು ದಪ್ಪಕ್ಷರದಲ್ಲಿ ಬರೆಸಿಕೊಂಡಿದ್ದ ಬ್ಯಾಟರಿಗೆ ಮಲ್ಟಿಮೀಟರ್ ಹಚ್ಚಿದರೆ ಅದೂ 21ರ ಹತ್ತಿರವೇ ನಿಂತಿತು. ಮಕೀಟಾದ ಮಾದರಿ ಸಂಖ್ಯೆಯ ಕೊನೆಗೆ ಝಡ್ ಇದ್ದರೆ ಬ್ಯಾಟರಿ, ಚಾರ್ಜರ್ ಇಲ್ಲದ ಬರಿಯ ಯಂತ್ರವೆಂದು ಅರ್ಥ. ಬೆಲೆ ಹೋಲಿಸುವಾಗ ಇದನ್ನು ಗಮನಿಸಿ. ಅದೇ ಕಂಪನಿಯ 18 ವೋಲ್ಟ್ ಎಲ್‌ಎಕ್ಸ್‌ಟಿ ಸರಣಿಯ ಡ್ರಿಲ್ ಮನೆಯಲ್ಲಿದ್ದರೆ ಅದರ ಬ್ಯಾಟರಿಯೇ ಹೊಂದುತ್ತದೆ. ಬೇರೆ ಒಳ್ಳೆಯ ಕಂಪನಿಯ ಬ್ಯಾಟರಿ ಈಗಾಗಲೇ ಇರುವವರು ಅದೇ ಕಂಪನಿಯ, ಇಷ್ಟೇ ಬಲದ ರೆಂಚ್ ಕೊಳ್ಳುವುದು ಜಾಣತನ.

1,000 ನ್ಯೂಟನ್ ಮೀಟರಿನ ಡಿಟಿಡಬ್ಲ್ಯೂ 1002 ಕೂಡ ಮಾರುಕಟ್ಟೆಯಲ್ಲಿದೆ. ಮನೆಯ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿಕೊಂಡವರು ಅದನ್ನು ನೋಡಲಿ. ಕಾರಿಗೆ ಅದು ಅನಗತ್ಯ ಭಾರ. ವರ್ಷಕ್ಕೊಮ್ಮೆ ಸ್ಟೆಪ್ನಿ ಬದಲಿಸುವವರಿಗೆ ಉದ್ದ ಸರಳು, ಒಂದು ಸಾಕೆಟ್ ಸಾಕು. ಮನೆಯಲ್ಲಿ ಎರಡು ಮೂರು ಕಾರುಗಳಿದ್ದು, ಗಾಲಿಗಳ ಸ್ಥಾನ ಬದಲಿಸುವ ಕೆಲಸವನ್ನು ತಾವೇ ಮಾಡಿಕೊಳ್ಳುವವರಿಗೆ ಮಾತ್ರ ಈ ಖರ್ಚು ಸಾರ್ಥಕ. ಕೊಂಡ ಮೇಲೆ ಅದನ್ನು ಡಿಕ್ಕಿಯಲ್ಲೇ ಬಿಟ್ಟಿರಬಾರದು: ಏಪ್ರಿಲ್ ಬಿಸಿಲಿನಲ್ಲಿ ನಿಂತ ಕಾರಿನ ಕಾವಿಗೆ ಲಿಥಿಯಂ ಬ್ಯಾಟರಿಯ ಆಯುಷ್ಯ ಕಡಿಮೆಯಾಗುತ್ತದೆ. ದೂರದ ಪ್ರಯಾಣದ ದಿನ ಜೊತೆಗೆ ಒಯ್ಯಿರಿ, ಉಳಿದ ದಿನ ಮನೆಯೊಳಗೆ ಅರ್ಧ ಚಾರ್ಜಿನಲ್ಲಿಡಿ. ಉದ್ದ ಸರಳು ಮಾತ್ರ ಕಾರಿನಲ್ಲೇ ಇರಲಿ.